ಎಡಗಾಲಿಗೊಂದು ಬಣ್ಣ, ಬಲಗಾಲಿಗೊಂದು ಬಣ್ಣ

ಪ್ರಶ್ನೆ: ಮೇಡಂ, ನಾನು ರಾಯದುರ್ಗದವನು. ವಯಸ್ಸು ಮೂವತ್ತೆರಡು. ಅಪ್ಪ ಇಪ್ಪತ್ತು ವರ್ಷದಿಂದ ಜೀನ್ಸ್ ಹೊಲಿಗೆ ಯೂನಿಟ್ ನಡೆಸಿಕೊಂಡು ಬಂದವರು. ಹದಿನೆಂಟು ಮಷೀನುಗಳಿವೆ. ಬಳ್ಳಾರಿಯ ಒಂದು ಪಾರ್ಟಿ ಬಟ್ಟೆ ಕಳಿಸುತ್ತಾರೆ, ನಾವು ಕತ್ತರಿಸಿ ಹೊಲಿದು ವಾಪಸ್ ಕೊಡುತ್ತೇವೆ. ವಾಷಿಂಗ್, ಫಿನಿಶಿಂಗ್ ಎಲ್ಲ ಅಲ್ಲೇ. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಆಗಿನಿಂದ ಎಲ್ಲ ನನ್ನ ತಲೆ ಮೇಲೆ.

ಹಬ್ಬದ ಮುಂಚೆ ಆರುನೂರು ಪೀಸಿನ ಅರ್ಜೆಂಟ್ ಲಾಟು ಬಂತು. ಕರೆಂಟು ಹೋಗಿ ಬರುತ್ತಿದ್ದ ಗಡಿಬಿಡಿಯಲ್ಲಿ ಎರಡು ಥಾನಿನ ಪೀಸುಗಳು ಟೇಬಲ್ ಮೇಲೆ ಕಲಸಿಹೋದವು. ಕೆಲವಕ್ಕೆ ನಂಬರ್ ಚೀಟಿಯನ್ನೇ ಹಚ್ಚಿರಲಿಲ್ಲ. ಚೆಕಿಂಗ್ ಮಾಡುವ ಅಕ್ಕ ಅಪ್ಪನ ಕಾಲದಿಂದ ಇರೋರು. "ತಮ್ಮಾ, ಇದು ಕಲಸೈತೆ, ನಿಲ್ಸು" ಅಂದರು. ಬಿಡಿಸಿ ಜೋಡಿಸಲು ಎರಡು ದಿನ ಬೇಕಿತ್ತು. "ಹೊಲಿದು ಕಳಿಸಿ, ಆಮೇಲೆ ನೋಡೋಣ" ಅಂದುಬಿಟ್ಟೆ.

ವಾಷಿಂಗ್ ಆದ ಮೇಲೆ ಇನ್ನೂರಕ್ಕೂ ಹೆಚ್ಚು ಪ್ಯಾಂಟುಗಳಲ್ಲಿ ಎರಡು ಕಾಲಿಗೆ ಎರಡು ಬಣ್ಣ. ಪಾರ್ಟಿ ಫೋನ್ ಮಾಡಿ, "ವಾಷಿಂಗ್‌ನವನು ಕೆಡಿಸಿದಾನೆ, ಅವನ ಬಿಲ್ಲು ಹಿಡಿದಿದೀನಿ" ಅಂದರು. ನಾನು "ಹೌದಾ ಸಾರ್" ಅಂದೆ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಒಬ್ಬ ಗೆಳೆಯ "ಬಾಯಿ ಬಿಟ್ಟರೆ ಬಣ್ಣಗೇಡು, ಸುಮ್ನಿರು" ಅನ್ನುತ್ತಾನೆ. ಇನ್ನೊಬ್ಬ "ವ್ಯಾಪಾರಂ ದ್ರೋಹಚಿಂತನಂ" ಅನ್ನುತ್ತಾನೆ. ಮೊಬೈಲಿನಲ್ಲಿ ನೋಡಿದ ಲೀಡರ್‌ಶಿಪ್ ಪಾಠದಲ್ಲಿ ನಾಯಕ ತನ್ನ ಬಲಹೀನತೆ ತೋರಿಸಬಾರದು ಎಂದಿತ್ತು. ಈ ಪಾರ್ಟಿ ಕೈಬಿಟ್ಟರೆ ಹದಿನೆಂಟು ಮನೆಗಳ ಒಲೆಯ ಪ್ರಶ್ನೆ. ಇತ್ತ ಯೂನಿಟ್‌ನಲ್ಲೂ ಏನೋ ಕೆಟ್ಟಿದೆ. ಅಕ್ಕ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಕಳೆದ ವಾರ ಝಿಪ್ ತಿರುಗುಮುರುಗಾದ ಮೂವತ್ತು ಪೀಸು ಯಾರೂ ಹೇಳದೆ ಪ್ಯಾಕ್ ಆಗಿದ್ದವು. ಗಿರಾಕಿಯ ನಂಬಿಕೆ ಉಳಿಸಿಕೊಳ್ಳೋದು ಹೇಗೆ? ಕೆಲಸದವರಿಗೆ ನನ್ನ ಮೇಲೆ ಗೌರವ ಬರೋದು ಹೇಗೆ?

— ಹೆಸರು ಬೇಡ, ರಾಯದುರ್ಗ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಜಾಗದಲ್ಲಿ ನಿಂತೆ. ಪೀಸು ಕಲಸಿದ್ದು ಕೆಲಸದ ಮನೆಯಲ್ಲಿ ಆಗುವ ಅಚಾತುರ್ಯ. "ಹೊಲಿದು ಕಳಿಸಿ" ಎಂದದ್ದು ದುಡುಕು. ಇವೆರಡನ್ನೂ ಅನುಭವಸ್ಥ ವ್ಯಾಪಾರಿ ಅರ್ಥ ಮಾಡಿಕೊಳ್ಳುತ್ತಾನೆ, ನಾಲ್ಕು ಮಾತು ಬೈದು ಮುಂದೆ ಹೋಗುತ್ತಾನೆ. ಆದರೆ "ಹೌದಾ ಸಾರ್" ಎಂದಿರಲ್ಲ, ಅದು ಬೇರೆ. ಆ ಎರಡು ಶಬ್ದದಿಂದ ನಿಮ್ಮ ನಷ್ಟ ನಿಮ್ಮ ಅಂಗಳದಿಂದ ಎದ್ದು ಇನ್ನೊಬ್ಬರ ಮನೆ ಬಾಗಿಲಲ್ಲಿ ಹೋಗಿ ಕೂತಿತು.

ನೀವು ಇಬ್ಬರ ಬಗ್ಗೆ ಕೇಳಿದ್ದೀರಿ: ಗಿರಾಕಿ ಮತ್ತು ಕೆಲಸದವರು. ಪತ್ರದಲ್ಲಿ ಮೂರನೆಯವರೊಬ್ಬರಿದ್ದಾರೆ. ಅವರ ಬಗ್ಗೆ ನೀವು ಬರೆದದ್ದು ಅರ್ಧ ಸಾಲು. ಬಿಲ್ಲು ನಿಂತುಹೋದ ಆ ವಾಷಿಂಗ್ ಯಜಮಾನರಿಗೂ ಕೂಲಿ ಕೊಡಬೇಕಾದ ಜನರಿದ್ದಾರೆ, ನೀರಿನ ಟ್ಯಾಂಕರಿನವರಿದ್ದಾರೆ, ಕೆಮಿಕಲ್ ಅಂಗಡಿಯ ಬಾಕಿ ಇರುತ್ತದೆ. ನಿಮ್ಮ ಹದಿನೆಂಟು ಮನೆಗಳ ಒಲೆ ನಿಮಗೆ ಕಾಣುತ್ತದೆ, ಅದು ಒಳ್ಳೆಯ ಯಜಮಾನನ ಲಕ್ಷಣವೇ. ಅವರ ಕಡೆಯ ಒಲೆಗಳೂ ಕಾಣಬೇಕು. ನಿಮಗೆ ನಿದ್ದೆ ಬಾರದಿರುವುದು ಆ ಮನುಷ್ಯನ ಕಾರಣಕ್ಕೆ ಎಂದೇ ನಾನು ತಿಳಿದಿದ್ದೇನೆ, ಮತ್ತು ಅದಕ್ಕಾಗಿಯೇ ನಿಮ್ಮ ಮೇಲೆ ನನಗೆ ಭರವಸೆ ಇದೆ.

ಈ ಕಸುಬು ಗೊತ್ತಿಲ್ಲದ ಓದುಗರಿಗಾಗಿ ಒಂದು ಮಾತು. ಡೆನಿಮ್ ಬಟ್ಟೆಯಲ್ಲಿ ನೀಲಿ ಬಣ್ಣ ನೂಲಿನ ಮೇಲ್ಮೈಯಲ್ಲಿ ಮಾತ್ರ ಕೂತಿರುತ್ತದೆ, ಒಳಗಿನ ತಿರುಳು ಬಿಳಿಯಾಗಿಯೇ ಉಳಿಯುತ್ತದೆ. ತೊಳೆದಂತೆ ಮೇಲಿನ ಬಣ್ಣ ಸವೆದು ಬಿಳುಪು ಹೊರಬರುವುದೇ ಜೀನ್ಸಿನ ಸೊಗಸು. ಆದರೆ ಒಂದು ಥಾನಿನ ಬಣ್ಣ ಇನ್ನೊಂದು ಥಾನಿನಂತೆ ಸವೆಯುವುದಿಲ್ಲ. ತೊಳೆಯುವ ಮೊದಲು ಎಲ್ಲವೂ ಒಂದೇ ಕಡುನೀಲಿ, ಎಂಥ ಕಣ್ಣಿಗೂ ಸುಲಭಕ್ಕೆ ಭೇದ ಸಿಗದು. ಅದಕ್ಕೇ ಕಟಿಂಗ್ ಟೇಬಲ್ ಮೇಲೆ ಪ್ರತಿ ತುಂಡಿಗೂ ನಂಬರಿನ ಚೀಟಿ ಹಚ್ಚುತ್ತಾರೆ. ಒಂದು ಪ್ಯಾಂಟಿನ ಮುಂಭಾಗ, ಹಿಂಭಾಗ, ಸೊಂಟಪಟ್ಟಿ ಎಲ್ಲವೂ ಒಂದೇ ಥಾನಿನಿಂದ, ಒಂದೇ ಮಡಿಕೆಯಿಂದ ಬರಬೇಕು. ಚೀಟಿ ತಪ್ಪಿದರೆ ತಪ್ಪು ಅಲ್ಲೇ ಆಯಿತು. ಅದು ಕಣ್ಣಿಗೆ ಬೀಳುವುದು ಮಾತ್ರ ಇನ್ನೊಬ್ಬರ ಮಷೀನಿನಲ್ಲಿ, ಇನ್ನೊಬ್ಬರ ಕೈಯಲ್ಲಿ. ನಿಮ್ಮನ್ನು ಸಿಕ್ಕಿಸಿದ್ದೂ ಇದೇ ಸಂಗತಿ. ದೋಷ ಹುಟ್ಟುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ನಡುವಿನ ಐವತ್ತು ಕಿಲೋಮೀಟರಿನ ದಾರಿಯಲ್ಲಿ ಬಚ್ಚಿಟ್ಟುಕೊಳ್ಳಲು ಬೇಕಾದಷ್ಟು ಜಾಗವಿದೆ.

ರಾಯದುರ್ಗದವರಿಗೆ ಬಳ್ಳಾರಿ ಪರಸ್ಥಳವೂ ಅಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಕಚೇರಿ ಬದಲಾಯಿತು, ಸಂತೆ ಬದಲಾಗಲಿಲ್ಲ. ಬೀಗತನ, ಸಾಲ, ಸರಕು ಎಲ್ಲ ಗಡಿ ದಾಟಿ ಓಡಾಡುತ್ತಲೇ ಇವೆ. ಈಗ ಜಾಬ್‌ವರ್ಕಿನ ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಚಲನ್ ಬೇಕು, ಬೆಲೆ ಎಷ್ಟು ಕಡಿಮೆಯಿದ್ದರೂ ಇ-ವೇ ಬಿಲ್ ಬೇಕು. ಆ ಕಾಗದದಲ್ಲಿ ಎಷ್ಟು ಪೀಸು ಎಂದಿರುತ್ತದೆ. ಯಾವ ಥಾನಿನ ಎಡಗಾಲು ಯಾವ ಥಾನಿನ ಬಲಗಾಲಿಗೆ ಸೇರಿ ಹೊಲಿಗೆಯಾಯಿತು ಎಂದು ಇರುವುದಿಲ್ಲ. ಅದನ್ನು ಪಾರ್ಟಿ ನಿಮ್ಮ ಬಾಯಿಂದಲೇ ತಿಳಿಯಬೇಕು. ನಿಮ್ಮ ಅಪ್ಪ ಇಪ್ಪತ್ತು ವರ್ಷ ದುಡಿದು ಗಳಿಸಿದ್ದು ಹದಿನೆಂಟು ಮಷೀನನ್ನಲ್ಲ, ಮಷೀನು ಕಂತಿನಲ್ಲೂ ಸಿಗುತ್ತದೆ. "ರಾಯದುರ್ಗದಿಂದ ಬಂದ ಬಂಡಲು, ಬಿಚ್ಚಿ ನೋಡೋದು ಬೇಡ" ಎಂದು ಬಳ್ಳಾರಿಯಲ್ಲಿ ಒಬ್ಬರು ಅನ್ನುತ್ತಿದ್ದರಲ್ಲ, ಅದನ್ನು ಗಳಿಸಿದ್ದರು. ಆ ಮಾತಿನ ಬಲದಿಂದಲೇ ಪಾರ್ಟಿ ನಿಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳದೆ ನೇರವಾಗಿ ವಾಷಿಂಗ್‌ನವರ ಮೇಲೆ ಬಿದ್ದರು. ಅಪ್ಪನ ಹೆಸರಿನ ಮರೆಯಲ್ಲಿ ನೀವು ನಿಂತಿರಿ. ಕಠಿಣವಾದ ಮಾತು, ಆದರೆ ಇದನ್ನು ನಿಮಗೆ ಯಾರಾದರೂ ಹೇಳಲೇಬೇಕಿತ್ತು.

ಇದೇ ವಾರ ಮಡಕಶಿರಾ ಕಡೆಯಿಂದ ಇನ್ನೊಂದು ಪತ್ರ ಬಂದಿದೆ. ಬರೆದವರ ಒಪ್ಪಿಗೆ ಪಡೆದೇ ಅದರ ಸಂಗತಿ ಹೇಳುತ್ತಿದ್ದೇನೆ, ಏಕೆಂದರೆ ಅವರು ಕೂತಿರುವುದು ನಿಮ್ಮ ವಾಷಿಂಗ್ ಯಜಮಾನರು ಕೂತಿರುವ ಜಾಗದಲ್ಲಿ. ಮಡಕಶಿರಾಕ್ಕೆ ಮೂರು ಕಡೆ ಕರ್ನಾಟಕ: ಪಾವಗಡ, ಶಿರಾ, ಮಧುಗಿರಿ. 2022ರ ಏಪ್ರಿಲ್‌ನಿಂದ ಅದು ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅವರದು ಬೀಜ, ಗೊಬ್ಬರದ ಅಂಗಡಿ. ಮುಂಗಾರಿಗೆ ಮಾರಿದ ಕಡ್ಲೆಕಾಯಿ ಬೀಜದ ಒಂದು ಲಾಟು ಹೊಲದಲ್ಲಿ ಸರಿಯಾಗಿ ಹುಟ್ಟಲಿಲ್ಲ. ಕಂಪನಿಯ ಏಜೆಂಟು "ಆಳಕ್ಕೆ ಬಿತ್ತಿದ್ದಾರೆ, ರೈತರದ್ದೇ ತಪ್ಪು" ಎಂದು ಹೇಳಿ ಫೋನೆತ್ತುವುದನ್ನು ಬಿಟ್ಟ. ರೈತರು ಜಗಳಕ್ಕೆ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಅವರು ಬರೆದಿದ್ದಾರೆ. ಬರಲಿಲ್ಲ. ಅಪ್ಪನ ಕಾಲದಿಂದ ಜಗಲಿಯ ಮೇಲೆ ಕೂತು ನೀರು ಕುಡಿದು ಹೋಗುತ್ತಿದ್ದವರು ಈಗ ಅಂಗಡಿ ಮುಂದೆ ಹಾದು ಹೋಗುವಾಗ ಮುಖವನ್ನು ಆ ಕಡೆ ತಿರುಗಿಸುತ್ತಾರೆ. "ನಾನು ಮಾಡಿದ್ದಲ್ಲ ಅಂತ ಗೊತ್ತಿರೋನು ಒಬ್ಬನಿದ್ದಾನೆ, ಅವನು ಬಾಯಿ ಬಿಡ್ತಿಲ್ಲ" ಎಂಬುದು ಅವರ ಕೊನೆಯ ಸಾಲು.

ಆ ಸಾಲನ್ನು ನೀವು ಇನ್ನೊಮ್ಮೆ ಓದಿ. ಬಳ್ಳಾರಿಯಲ್ಲೂ ಒಬ್ಬರು ಇವತ್ತು ಇದೇ ಮಾತನ್ನು ಹೇಳಿಕೊಳ್ಳುತ್ತಿರಬಹುದು. ಅವರ ಮಟ್ಟಿಗೆ ಬಾಯಿ ಬಿಡದವರು ನೀವು.

ಮಡಕಶಿರಾದ ಅಣ್ಣನವರಿಗೆ ಇಲ್ಲೇ ಎರಡು ಮಾತು ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಆ ಲಾಟಿನ ಚೀಲ ಉಳಿದಿದ್ದರೆ ಒಂದನ್ನು ಜಗಲಿಗೆ ತನ್ನಿ. ಮುಖ ತಿರುಗಿಸಿದವರಲ್ಲೇ ಇಬ್ಬರನ್ನು ಮನೆಗೆ ಹೋಗಿ ಕರೆದು ತನ್ನಿ. ಅವರ ಕೈಯಿಂದಲೇ ನೂರು ಬೀಜ ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ನೆರಳಲ್ಲಿಟ್ಟು, ದಿನಾ ನೀರು ಚಿಮುಕಿಸಿ. ಹತ್ತನೇ ದಿನ ಅವರೇ ಬಿಚ್ಚಿ ಎಣಿಸಲಿ. ಕಡ್ಲೆಕಾಯಿ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ನೂರಕ್ಕೆ 70. ಐವತ್ತೇ ಹುಟ್ಟಿದರೆ ಉತ್ತರ ಗೋಣಿಯಲ್ಲೇ ಸಿಕ್ಕಿತು. ಆಗ ಲಾಟ್ ನಂಬರು, ಚೀಲದ ಚೀಟಿ, ಬಿಲ್ಲು ಹಿಡಿದು ಕೃಷಿ ಅಧಿಕಾರಿಯ ಬಳಿ ರೈತರ ಜೊತೆ ನೀವೂ ಹೋಗಿ. ಅವರ ಎದುರಾಳಿಯಾಗಿ ಅಲ್ಲ, ಅವರ ಪಕ್ಕದಲ್ಲಿ ನಿಂತು. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕ ನ್ಯಾಯಾಲಯಕ್ಕೆ ಹೋಗುವ ಹಕ್ಕು ಅವನಿಗಿದೆ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಆಂಧ್ರದ ರೈತರ ಪ್ರಕರಣದಲ್ಲೇ ಹೇಳಿತು. ಎದುರಿಗಿದ್ದದ್ದು ರಾಷ್ಟ್ರೀಯ ಬೀಜ ನಿಗಮ. ಅಷ್ಟು ದೊಡ್ಡ ಸಂಸ್ಥೆಯೇ ಉತ್ತರ ಕೊಡಬೇಕಾಯಿತು ಎಂದಮೇಲೆ ನಿಮ್ಮ ಏಜೆಂಟು ಫೋನೆತ್ತದೆ ಎಷ್ಟು ದಿನ ಇರುತ್ತಾನೆ? ಅಕಸ್ಮಾತ್ ಎಪ್ಪತ್ತರ ಮೇಲೆ ಹುಟ್ಟಿದರೆ ಅದನ್ನೂ ಅವರೇ ನೋಡಿರುತ್ತಾರೆ, ಆಗ ಬಿತ್ತಿದ ಆಳದ ಬಗ್ಗೆ ಮಾತಾಡಲು ದಾರಿಯಾಗುತ್ತದೆ. ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ಅದು. ಒಂದು ಬಿತ್ತನೆ ಹದ ಕೈತಪ್ಪಿದರೆ ರೈತನಿಗೆ ಆ ವರ್ಷವೇ ಹೋದಂತೆ. ಅವರು ಮುಖ ತಿರುಗಿಸಿದ್ದರಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿದೆ. ಹಾಗೇ, ಮುಂದಿನ ವರ್ಷದಿಂದ ಈ ಗೋಣಿಯ ಪರೀಕ್ಷೆಯನ್ನು ಮಾರುವ ಮೊದಲೇ ಮಾಡಿ. ಸುಲಿದ ಬೀಜ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಕೆಂಪು ಸಿಪ್ಪೆಗೆ ಪೆಟ್ಟಾದರಂತೂ ಮುಗಿಯಿತು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ರಾಯದುರ್ಗಕ್ಕೆ ಬರೋಣ.

ನೀವು ಬಳ್ಳಾರಿಗೆ ಹೋಗಬೇಕು. ಫೋನಿನಲ್ಲಿ ಮುಗಿಯುವ ಕೆಲಸ ಇದಲ್ಲ, ವಾಟ್ಸಾಪಿನಲ್ಲಿ ಖಂಡಿತ ಅಲ್ಲ. ಗೆಳೆಯರನ್ನು ಕರೆದುಕೊಂಡು ಹೋಗಬೇಡಿ, ಅಪ್ಪನ ಹೆಸರು ಹೇಳಿಕೊಂಡೂ ಹೋಗಬೇಡಿ. ಮೊದಲು ಪಾರ್ಟಿಯ ಬಳಿ. ನ್ಯಾಯವಾಗಿ ನೋಡಿದರೆ ಅನ್ಯಾಯವಾದದ್ದು ವಾಷಿಂಗ್ ಯಜಮಾನರಿಗೆ, ಅವರ ಬಳಿಯೇ ಮೊದಲು ಹೋಗಬೇಕು ಎಂದು ನನಗೂ ಅನಿಸಿತ್ತು. ಆದರೆ ಬಿಲ್ಲು ಬಿಡಿಸಬಲ್ಲವರು ಪಾರ್ಟಿ ಮಾತ್ರ. ಹಾಗಾಗಿ ಅಲ್ಲಿ ಹೇಳಿ, ಅದೇ ದಿನ, ಕತ್ತಲಾಗುವ ಮೊದಲು ವಾಷಿಂಗ್ ಘಟಕದ ಮೆಟ್ಟಿಲು ಹತ್ತಿ. ಎರಡರ ನಡುವೆ ಒಂದು ರಾತ್ರಿಯೂ ಬೇಡ. ಮೂರನೆಯವರ ಬಾಯಿಂದ ಅವರಿಗೆ ಗೊತ್ತಾದರೆ ನೀವು ಹೇಳಿದ್ದಕ್ಕೆ ಬೆಲೆ ಅರ್ಧವಾಗುತ್ತದೆ.

ಹೇಳುವುದು ಇಷ್ಟೇ: "ಸಾರ್, ಆ ಲಾಟಿನ ಶೇಡು ಕೆಟ್ಟದ್ದು ನಮ್ಮ ಟೇಬಲ್ ಮೇಲೆ. ಪೀಸು ಕಲಸಿದ್ದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕಳಿಸಿದೆ. ನೀವು ಫೋನ್ ಮಾಡಿದಾಗ ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು. ವಾಷಿಂಗ್‌ನವರ ಬಿಲ್ಲು ಬಿಟ್ಟುಬಿಡಿ." ಇಲ್ಲಿಗೆ ನಿಲ್ಲಿಸಿ. ಕರೆಂಟು ಹೋಗಿತ್ತು, ಅರ್ಜೆಂಟಿತ್ತು, ಅಪ್ಪನಿಗೆ ಹುಷಾರಿರಲಿಲ್ಲ, ಇವೆಲ್ಲ ನಿಜವೇ. ಅವರಾಗಿ ಕೇಳಿದರೆ ಹೇಳಿ. ನೀವಾಗಿ ಮೊದಲೇ ಹೇಳಿದರೆ ಒಪ್ಪಿಕೊಳ್ಳಲು ಬಂದವನು ವಾದಿಸಲು ಬಂದಂತೆ ಕಾಣುತ್ತದೆ. ಅವರು ಬೈದರೆ ತಲೆ ತಗ್ಗಿಸಿ ಕೇಳಿ.

ಬರಿಗೈಯಲ್ಲಿ ಹೋಗಬೇಡಿ. ಹೋಗುವ ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ. ಕೆಟ್ಟ ಪೀಸಿನ ಹೊಲಿಗೆ ಕೂಲಿ ನಿಮಗೆ ಬೇಡ ಎನ್ನುವುದು ಮೊದಲ ಸಾಲು. ಉಳಿದ ನಷ್ಟದಲ್ಲಿ ಎಷ್ಟನ್ನು ನೀವು ಹೊರಬಲ್ಲಿರಿ, ಮುಂದಿನ ಎಷ್ಟು ಲಾಟಿನಲ್ಲಿ ಕಡಿದುಕೊಳ್ಳಬಹುದು ಎಂಬುದು ಎರಡನೆಯದು. ಕೈಲಾಗದ್ದನ್ನು ಮಾತ್ರ ಆವೇಶದಲ್ಲಿ ಒಪ್ಪಿಕೊಂಡು ಬರಬೇಡಿ. ಪಶ್ಚಾತ್ತಾಪದಲ್ಲಿದ್ದಾಗ ಮನುಷ್ಯ ಉದಾರಿಯಾಗುತ್ತಾನೆ. ಆ ಉದಾರತೆಯಲ್ಲಿ ಕೊಟ್ಟ ಮಾತು ಎರಡು ತಿಂಗಳಿಗೆ ಮುರಿದರೆ, ಮೊದಲನೆಯದನ್ನು ಮನ್ನಿಸಿದವರೂ ಎರಡನೆಯದನ್ನು ಮನ್ನಿಸುವುದಿಲ್ಲ. ಆ ಪ್ಯಾಂಟುಗಳ ಗತಿ ಏನು ಎಂಬುದಕ್ಕೂ ಒಂದು ದಾರಿ ಯೋಚಿಸಿ ಹೋಗಿ. ಶೇಡು ಬೇರೆಯಾದ ಜೀನ್ಸಿಗೆ ಕಪ್ಪು ಬಣ್ಣ ಹಾಕಿ ಭೇದ ಮುಚ್ಚುವುದು ಈ ಕಸುಬಿನಲ್ಲಿ ಉಂಟು. ಐದು ಪೀಸಿಗೆ ಹಾಕಿಸಿ ನೋಡೋಣ, ಖರ್ಚು ನನ್ನದು ಎನ್ನಿ. ಆ ಕೆಲಸವನ್ನು ಅದೇ ವಾಷಿಂಗ್ ಯಜಮಾನರಿಗೆ ಕೊಡಿ, ದುಡ್ಡು ಮುಂಗಡವಾಗಿ ಕೊಡಿ.

ಸತ್ಯ ಹೇಳಿದ್ದಕ್ಕೆ ಪಾರ್ಟಿ ಬೆನ್ನು ತಟ್ಟಿ ಇನ್ನೂ ದೊಡ್ಡ ಆರ್ಡರ್ ಕೊಡುತ್ತಾರೆ ಎಂದು ನಾನು ನಿಮಗೆ ಆಸೆ ಹುಟ್ಟಿಸುವುದಿಲ್ಲ. ಕೊಡಬಹುದು. ಆರು ತಿಂಗಳು ದೂರ ಇಡಲೂಬಹುದು, ಪೂರ್ತಿ ಬಿಡಲೂಬಹುದು. ಆ ಸಾಧ್ಯತೆಯನ್ನು ತಿಳಿದೇ ಹೋಗಿ, ಸಣ್ಣ ಸಣ್ಣ ಜಾಬ್‌ವರ್ಕ್ ಎಲ್ಲಿ ಸಿಗುತ್ತದೆಂದು ಈಗಲೇ ವಿಚಾರಿಸಿಡಿ. ಆದರೂ ಹೋಗಿ ಎನ್ನುತ್ತೇನೆ, ಏಕೆಂದರೆ ಇಲ್ಲಿ ಲಾಭನಷ್ಟದ ತಕ್ಕಡಿ ಹಿಡಿಯುವ ಹಕ್ಕು ನಿಮಗಿಲ್ಲ. ಇನ್ನೊಬ್ಬನ ದುಡ್ಡು ನಿಮ್ಮ ಮೌನದ ಕೆಳಗೆ ಸಿಕ್ಕಿಕೊಂಡಿದೆ.

ಮತ್ತು "ಬಾಯಿ ಬಿಟ್ಟರೆ ಬಣ್ಣಗೇಡು" ಎಂದ ಗೆಳೆಯರಿಗೆ ಹೇಳಿ, ಬಣ್ಣ ಆಗಲೇ ಕೆಟ್ಟಿದೆ. ವಾಷಿಂಗ್ ಘಟಕದವರೂ ಕಸುಬು ಬಲ್ಲವರೇ. ಒಂದೇ ತೊಟ್ಟಿಯಲ್ಲಿ, ಒಂದೇ ನೀರಿನಲ್ಲಿ ತೊಳೆದ ಒಂದೇ ಪ್ಯಾಂಟಿನ ಎರಡು ಕಾಲು ಎರಡು ಬಣ್ಣವಾದರೆ ತಪ್ಪು ನೀರಿನದಲ್ಲ ಎಂದು ಅವರಿಗೆ ಇವತ್ತಲ್ಲ ನಾಳೆ ಹೊಳೆಯುತ್ತದೆ. ಎರಡು ಕಾಲಿನ ಬಟ್ಟೆ ಬೇರೆ ಬೇರೆ ಥಾನಿನದು ಎಂದು ಪಾರ್ಟಿಗೆ ತೋರಿಸುತ್ತಾರೆ. ಅಂದು ನಿಮಗೆ ಹೇಳಲು ಏನೂ ಉಳಿದಿರುವುದಿಲ್ಲ. ತಪ್ಪು ಮಾಡಿದ ವ್ಯಾಪಾರಿಯ ಜೊತೆ ಗಿರಾಕಿ ಬಾಳಬಲ್ಲ. "ಇವನಿಗೆ ಗೊತ್ತಿತ್ತು" ಎಂದು ತಾನಾಗಿ ಕಂಡುಕೊಂಡ ದಿನ ಹಿಂದಿನ ಒಳ್ಳೆಯ ಲಾಟುಗಳ ಮೇಲೂ ಅವನಿಗೆ ಅನುಮಾನ ಬರುತ್ತದೆ. ಅಪ್ಪನ ಇಪ್ಪತ್ತು ವರ್ಷದ ಮೇಲೂ.

ಇನ್ನು ಚೆಕಿಂಗ್ ಅಕ್ಕ. ಕೆಲವು ವರ್ಷದ ಹಿಂದೆ ನಮ್ಮ ಬಂಧುಗಳ ಒಂದು ಯೂನಿಟ್‌ನಲ್ಲಿ ಮಧ್ಯಾಹ್ನ ಪೂರ್ತಿ ಕೂತಿದ್ದೆ. ಚೆಕಿಂಗ್ ಹೆಂಗಸು ಪ್ಯಾಂಟನ್ನು ಒಂದೇ ಸಲ ಜಾಡಿಸಿ ಒಳಹೊರಗು ಮಾಡಿ, ಹೆಬ್ಬೆರಳಿನಿಂದ ಹೊಲಿಗೆಯ ಉದ್ದಕ್ಕೂ ಸವರಿಕೊಂಡು ಹೋಗುತ್ತಿದ್ದರು. ಕಣ್ಣು ಬೇರೆಲ್ಲೋ ಇರುತ್ತಿತ್ತು, ನನ್ನ ಜೊತೆ ಮಗಳ ಮದುವೆಯ ಮಾತಾಡುತ್ತಿದ್ದರು. ಒಂದು ಕಡೆ ಹೆಬ್ಬೆರಳು ತಟ್ಟನೆ ನಿಂತಿತು. ಎರಡು ಟಾಕು ಬಿಟ್ಟುಹೋಗಿತ್ತು. ಸೀಮೆಸುಣ್ಣದಿಂದ ಸುತ್ತು ಹಾಕಿ ಎಸೆದರು, ಮಾತು ಮುಂದುವರಿಯಿತು. ಅಂಥ ಹೆಬ್ಬೆರಳು ಹತ್ತಾರು ವರ್ಷದ ದುಡಿಮೆಯಿಂದ ಬರುತ್ತದೆ. ನಿಮ್ಮ ಅಕ್ಕನದೂ ಅಂಥದೇ. ಆವತ್ತು ಅದು ನಿಂತಿತು, "ನಿಲ್ಸು" ಎಂದಿತು. ನೀವು ಅದನ್ನು ಸರಿಸಿ ಕೆಲಸ ಮುಂದೆ ತಳ್ಳಿದಿರಿ. ಹದಿನೆಂಟು ಮಷೀನಿನ ಮೇಲೆ ಕೂತವರೆಲ್ಲ ಅದನ್ನು ಕೇಳಿಸಿಕೊಂಡರು. ಈ ಮನೆಯಲ್ಲಿ ತಪ್ಪು ಹೇಳಿದರೆ ಪ್ರಯೋಜನವಿಲ್ಲ ಎಂದು ಅವರಿಗೆ ಅಂದೇ ತಿಳಿಯಿತು. ಝಿಪ್ ತಿರುಗಿದ ಮೂವತ್ತು ಪೀಸು ಸದ್ದಿಲ್ಲದೆ ಪ್ಯಾಕ್ ಆದದ್ದು ಇದರ ಫಲ.

ನೀವು ನೋಡಿದ ಲೀಡರ್‌ಶಿಪ್ ಪಾಠವನ್ನು ಮರೆತುಬಿಡಿ. ಅದಕ್ಕಿಂತ ಹಳೆಯದೊಂದು ಪಾಠ ನಿಮ್ಮ ಬಟ್ಟೆಯ ಲೋಕದಲ್ಲೇ ಇದೆ. ಜಪಾನಿನ ಸಕಿಚಿ ಟೊಯೋಡ ಎಂಬುವರು ಮಗ್ಗ ಮಾಡುತ್ತಿದ್ದವರು. 1924ರಲ್ಲಿ ಅವರು ಹೊರತಂದ ಮಗ್ಗ, ಒಂದು ಎಳೆ ಕಡಿದರೂ ತಾನೇ ನಿಂತುಬಿಡುತ್ತಿತ್ತು. ಕೆಟ್ಟ ಬಟ್ಟೆಯನ್ನು ಗಜಗಟ್ಟಲೆ ನೇಯುವುದಕ್ಕಿಂತ ಒಂದು ಗಳಿಗೆ ನಿಲ್ಲುವುದು ಲೇಸು ಎಂಬ ಸಣ್ಣ ವಿವೇಕ. ಮುಂದೆ ಆ ಮನೆತನ ಕಾರು ಕಟ್ಟಿತು. ನಮ್ಮ ಬಿಡದಿಯಲ್ಲೂ ಕಾರ್ಖಾನೆ ಇರುವ ಟೊಯೋಟ ಅದೇ. ಕಾರಿನ ಸಾಲಿನಲ್ಲಿ ನಿಂತ ಸಾಮಾನ್ಯ ಕೆಲಸಗಾರನೂ ದೋಷ ಕಂಡರೆ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದು ಎಂಬ ಪದ್ಧತಿಯನ್ನು ಅವರು ತಂದದ್ದು ಆ ಮಗ್ಗದ ಬುದ್ಧಿಯಿಂದ. ನಿಮ್ಮ ಯೂನಿಟ್‌ನ ಹಗ್ಗ ಆ ಅಕ್ಕನ ಕೈಯಲ್ಲಿದೆ.

ಬಳ್ಳಾರಿಯಿಂದ ಬಂದ ಮರುದಿನ ಬೆಳಿಗ್ಗೆ, ಮಷೀನು ಚಾಲೂ ಆಗುವ ಮೊದಲು ಎಲ್ಲರ ಎದುರಿಗೆ ಹೇಳಿ: ಅಕ್ಕ ಸರಿ ಹೇಳಿದ್ದರು, ನಾನು ಕೇಳಲಿಲ್ಲ, ನಿನ್ನೆ ಹೋಗಿ ಒಪ್ಪಿಕೊಂಡು ಬಂದೆ. ಒಳಗೆ ಕರೆದು ಗುಟ್ಟಾಗಿ ಕ್ಷಮೆ ಕೇಳಿದರೆ ಸಾಲದು. ಅವರ ಮಾತನ್ನು ತಳ್ಳಿಹಾಕಿದ್ದು ಎಲ್ಲರ ಎದುರಿಗೆ ತಾನೆ? ಇನ್ನು ಮೇಲೆ ಅಕ್ಕ ನಿಲ್ಲಿಸು ಎಂದರೆ ಲಾಟು ನಿಲ್ಲುತ್ತದೆ, ನಾನೇ ಬಂದು ಹೊರಡಿಸು ಎಂದರೂ ಹೊರಡುವುದಿಲ್ಲ ಎಂದು ಸಾರಿಬಿಡಿ.

ಇಷ್ಟರಲ್ಲೇ ನಿಂತರೆ ಮಾತು ಗಾಳಿಗೆ ಹೋಗುತ್ತದೆ, ಕೂಲಿಯ ಲೆಕ್ಕವನ್ನೂ ಬದಲಿಸಬೇಕು. ನಿಮ್ಮಲ್ಲಿ ಪೀಸಿಗಿಷ್ಟು ಎಂಬ ಕೂಲಿಯೇ ಇರಬೇಕು. ಒಬ್ಬ ಹೊಲಿಗೆಯವರು ತಪ್ಪಿದ ಪೀಸನ್ನು ಬಿಚ್ಚಿ ಮತ್ತೆ ಹೊಲಿಯಲು ಕೂತರೆ ಆ ಹೊತ್ತಿನ ಕೂಲಿ ಅವರಿಗೆ ಹೋಯಿತು. ಮನೆಯಲ್ಲಿ ಮಕ್ಕಳ ಫೀಜು ಕಾಯುತ್ತಿರುವಾಗ ಯಾರು ತಾನಾಗಿ "ನಂದು ತಪ್ಪಾಗಿದೆ" ಎನ್ನುತ್ತಾರೆ? ಅಪ್ರಾಮಾಣಿಕತೆ ಎಷ್ಟೋ ಸಲ ಮನುಷ್ಯನ ಸ್ವಭಾವದಲ್ಲಿ ಇರುವುದಿಲ್ಲ, ಕೂಲಿ ಕೊಡುವ ಪದ್ಧತಿಯಲ್ಲಿ ಇರುತ್ತದೆ. ತಾನಾಗಿ ಹೇಳಿದ ತಪ್ಪನ್ನು ತಿದ್ದುವ ಹೊತ್ತಿಗೂ ಕೂಲಿ ಕೊಡಿ. ತಿಂಗಳಿಗೆ ಕೆಲವು ಸಾವಿರ ಹೆಚ್ಚಿಗೆ ಹೋದೀತು. ಈ ಒಂದು ಲಾಟಿನಲ್ಲಿ ಹೋದದ್ದರ ಪಕ್ಕದಲ್ಲಿ ಇಟ್ಟು ನೋಡಿ.

ಪಾರ್ಟಿಯ ನಂಬಿಕೆ ಮರಳಿ ಬರಬೇಕಾದರೆ ಅವರ ಕಣ್ಣೆದುರಿನ ಲೆಕ್ಕ ಬೇಕು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಿಂದ ಉಳಿತಾಯ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಮೀನುಗಾರ್ತಿಯೂ ಬೀಡಿ ಕಟ್ಟುವವಳೂ ದುಡ್ಡು ಕೊಟ್ಟದ್ದು ಏಕೆ? ಏಜೆಂಟು ದಿನಾ ಬಾಗಿಲಿಗೆ ಬಂದು, ಅವಳ ಎದುರೇ ದುಡ್ಡು ಎಣಿಸಿ, ಅವಳ ಬಳಿಯೇ ಇರುವ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ನೀವೂ ಹಾಗೆ ಮಾಡಿ. ಪ್ರತಿ ಲಾಟಿನ ಜೊತೆ ಯಾವ ಥಾನಿನದು ಯಾವ ನಂಬರಿನಿಂದ ಯಾವ ನಂಬರಿನವರೆಗೆ ಎಂಬ ಹಾಳೆ ಇಡಿ, ಚೆಕಿಂಗ್‌ನಲ್ಲಿ ತಿರಸ್ಕಾರವಾದ ಪೀಸಿನ ಸಂಖ್ಯೆಯನ್ನೂ ಅದರಲ್ಲಿ ಬರೆಯಿರಿ, ಅಕ್ಕನ ಸಹಿ ಹಾಕಿಸಿ. ಒಂದು ಪ್ರತಿ ಪಾರ್ಟಿಗೆ, ಒಂದು ವಾಷಿಂಗ್‌ನವರಿಗೆ. ಇನ್ನೊಂದು ಸಲ ಬಣ್ಣ ಕೆಟ್ಟರೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಹಾಳೆ ನೋಡಿದರೆ ಸಾಕು.

ಅಪ್ಪನಿಗೆ ಹೇಳಬೇಕೋ ಬೇಡವೋ ಎಂದು ನೀವು ಕೇಳಿಲ್ಲ. ನಾನೇ ಹೇಳುತ್ತೇನೆ, ಹೇಳಿ. ಆದರೆ ಬಳ್ಳಾರಿಗೆ ಹೋಗಿ ಬಂದ ಮೇಲೆ. ಮೊದಲೇ ಹೇಳಿದರೆ ಆ ಭಾರವನ್ನೂ ಅವರ ಮೇಲೆ ಇಟ್ಟಂತೆ ಆಗುತ್ತದೆ, ಅವರು ಫೋನ್ ಹಚ್ಚಿಕೊಟ್ಟು ಮಾತಾಡುತ್ತೇನೆ ಎನ್ನುತ್ತಾರೆ. ಹೋಗಿ ಬಂದು, ಪಕ್ಕದಲ್ಲಿ ಕೂತು, ಆದದ್ದನ್ನು ಆದ ಹಾಗೆ ಹೇಳಿ. ಕಾಯಿಲೆಯವರಿಗೆ ಆಘಾತವಾದೀತು ಎಂದು ಅಂಜಬೇಡಿ, ಮಾತನ್ನು ಮಾತ್ರ ಮೆಲ್ಲಗೆ ಶುರು ಮಾಡಿ. ಮಗ ತಪ್ಪಿದ ಎಂಬ ಸುದ್ದಿಯ ಜೊತೆಗೇ ಮಗ ಹೋಗಿ ಒಪ್ಪಿಕೊಂಡ ಎಂಬುದೂ ಅವರ ಕಿವಿಗೆ ಬೀಳುತ್ತದೆ.

ಈ ಅಂಕಣ ನಿಮ್ಮ ಕೈ ಸೇರುವ ಹೊತ್ತಿಗೆ ನೀವು ಹೋಗಿ ಬಂದಿರುತ್ತೀರಿ ಎಂದು ನಂಬುತ್ತೇನೆ. ಹೋಗಿರದಿದ್ದರೆ ಈ ವಾರವೇ ಹೋಗಿ. ಬಂದ ಮೇಲೆ ನನಗೆ ಎರಡು ಸಾಲು ಬರೆಯಿರಿ, ಪ್ರಕಟಿಸಲು ಅಲ್ಲ. ಆರ್ಡರ್ ಉಳಿಯಿತೋ ಹೋಯಿತೋ ಎಂಬುದನ್ನು ಆಮೇಲೆ ತಿಳಿಸಿದರೂ ಆದೀತು. ಆ ವಾಷಿಂಗ್ ಯಜಮಾನರಿಗೆ ಅವರ ದುಡ್ಡು ಸಿಕ್ಕಿತೇ, ಅದನ್ನು ಮೊದಲು ತಿಳಿಸಿ.